ಉಳಿದದ್ದು ಒಂದೂವರೆ ನಿಮಿಷ

ನನಗೆ ಹಾಡಲು ಬಾರದು. ವಾದ್ಯ ನುಡಿಸಲೂ ಬಾರದು. ರಾಗಗಳನ್ನು ಗುರುತಿಸುವ ವಿಷಯದಲ್ಲಿ ನನ್ನ ಪಾಂಡಿತ್ಯ ಮೋಹನ, ಕಲ್ಯಾಣಿಗಳ ಗಡಿಯನ್ನು ದಾಟಿಲ್ಲ. ಅವುಗಳಲ್ಲಿಯೂ ಒಮ್ಮೊಮ್ಮೆ ಎಡವುವುದುಂಟು. ಆದರೂ ಹಾಡು ಕೇಳುವ ಸಲುವಾಗಿ ಕಳೆದ ಐವತ್ತು ವರ್ಷಗಳಲ್ಲಿ ನಾನು ನಿದ್ದೆಗೆಟ್ಟ ರಾತ್ರಿಗಳನ್ನೂ, ತಪ್ಪಿಸಿಕೊಂಡ ಬಸ್ಸುಗಳನ್ನೂ, ಮನೆಯಲ್ಲಿ ಹೇಳಿದ ಸುಳ್ಳುಗಳನ್ನೂ ಬರೆದಿಟ್ಟಿದ್ದರೆ ಅದೇ ಒಂದು ದೊಡ್ಡ ಖಾತೆಯ ಪುಸ್ತಕವಾಗುತ್ತಿತ್ತು. ನನ್ನ ಮಡದಿಯ ಅಭಿಪ್ರಾಯದಲ್ಲಿ ಇದು ರಸಿಕತೆಯಲ್ಲ, ಒಂದು ಬಗೆಯ ಕಾಯಿಲೆ. ಆಕೆಯೊಡನೆ ವಾದಿಸುವ ಧೈರ್ಯ ನನಗೆ ಎಂದೂ ಬಂದುದಿಲ್ಲ.

ಈ ಕಾಯಿಲೆಗೂ ಒಂದು ಲಕ್ಷಣವಿದೆ. ದೊಡ್ಡ ಸಭೆಯ ಆಶ್ರಯವಿಲ್ಲದ, ಸಿನಿಮಾದ ಹಂಗಿಲ್ಲದ, ಯಾವ ಕಂಪನಿಯ ಮುದ್ರೆಯನ್ನೂ ಹಣೆಗೆ ಒತ್ತಿಸಿಕೊಳ್ಳದ ಹಾಡುಗಾರನೆಂದರೆ ನನಗೆ ವಿಶೇಷ ಪ್ರೀತಿ. ಇಂಥವರಿಗೆ ಈಗ 'ಇಂಡಿ' ಎಂಬ ಹೆಸರಿದೆಯೆಂದು ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ತಿಳಿಸಿದಳು. ನಾನು ಮೊದಲು ವಿಜಯಪುರ ಜಿಲ್ಲೆಯ ಇಂಡಿಯನ್ನೂ ಅಲ್ಲಿಯ ನಿಂಬೆಹಣ್ಣನ್ನೂ ನೆನೆದೆ. ಅದಲ್ಲವಂತೆ, ಇಂಡಿಪೆಂಡೆಂಟ್ ಎಂಬ ಮಾತಿನ ಬಾಲವನ್ನು ಕತ್ತರಿಸಿ ಮಾಡಿದ ಪದವಂತೆ. ಅರ್ಥ ತಿಳಿದ ಮೇಲೆ, "ಅಷ್ಟೇ ತಾನೆ! ಅಂಥವರು ನಮ್ಮ ಊರಿನ ಹೊಳೆಯ ಮರಳಿನ ಮೇಲೆಯೇ ಕುಳಿತಿರುತ್ತಿದ್ದರು" ಎಂದೆ. ಅವಳು ನಕ್ಕಳು. ಅವಳನ್ನು ನಂಬಿಸುವುದಕ್ಕಾಗಿ ನಾನು ನನ್ನ ಒಂದು ಅಪರಾಧವನ್ನು ಹೇಳಿಕೊಳ್ಳಬೇಕಾಯಿತು. ಓದುಗರಿಗೂ ಅದನ್ನೇ ಹೇಳುತ್ತೇನೆ.

ನಮ್ಮ ಊರು ನಾಗಲಮಡಿಕೆ, ಪಾವಗಡ ತಾಲ್ಲೂಕು. ನಕ್ಷೆಯನ್ನು ಬಿಡಿಸಿ ನೋಡಿದರೆ ಈ ತಾಲ್ಲೂಕು ತುಮಕೂರು ಜಿಲ್ಲೆಯಿಂದ ಮುನಿಸಿಕೊಂಡು ಆಂಧ್ರದೊಳಗೆ ಹೋಗಿ ಕುಳಿತಂತೆ ಕಾಣುತ್ತದೆ. ಮಧುಗಿರಿಯಿಂದ ಬರುವ ಬಸ್ಸು ನಡುವೆ ಆಂಧ್ರದ ನೆಲವನ್ನು ತುಳಿದು ಬರುತ್ತದೆ. ನಮ್ಮ ಮನೆಮಾತುಗಳೂ ಹಾಗೆಯೇ. ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿದರೆ ಯಾರೂ ಅಚ್ಚರಿಪಡುವುದಿಲ್ಲ. ಊರ ಪಕ್ಕದಲ್ಲಿ ಉತ್ತರ ಪಿನಾಕಿನಿ. ವರ್ಷದ ಬಹುಭಾಗ ಅದರಲ್ಲಿ ಹರಿಯುವುದು ಮರಳೇ. ಆದರೆ ಸುಬ್ರಹ್ಮಣ್ಯ ಕ್ಷೇತ್ರಗಳನ್ನು ಎಣಿಸುವಾಗ ಕುಕ್ಕೆಯನ್ನು ಆದಿಯೆಂದೂ, ಘಾಟಿಯನ್ನು ಮಧ್ಯವೆಂದೂ, ನಮ್ಮೂರನ್ನು ಅಂತ್ಯವೆಂದೂ ಹೇಳುವ ವಾಡಿಕೆ ಇರುವುದರಿಂದ ಪುಷ್ಯಮಾಸದ ಷಷ್ಠಿಗೆ ಇಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ತೇರು, ದನಗಳು, ಬೆಂಡು ಬತ್ತಾಸು, ನಾಟಕ.

ನನ್ನ ಬಾಲ್ಯದಲ್ಲಿ ಈ ಗದ್ದಲವೆಲ್ಲ ಅಡಗುತ್ತಿದ್ದುದು ರಾತ್ರಿ ಹನ್ನೊಂದರ ಮೇಲೆ. ಆಮೇಲೆ ಹೊಳೆಯ ಕಡೆ ದನ ಕಟ್ಟಿದವರ ನಡುವೆ ಭಜನೆಯ ಗುಂಪು ಕೂಡುತ್ತಿತ್ತು. ಭಜನೆಯೆಂದರೆ ತತ್ತ್ವಪದ. ಕೈವಾರದ ನಾರೇಯಣ ತಾತನವರ ಪದಗಳಿಗೆ ನಮ್ಮ ಗಡಿಯ ಸೀಮೆಯಲ್ಲಿ ಬಹಳ ಗೌರವ. 1726ರಿಂದ 1836ರವರೆಗೆ, ನೂರಹತ್ತು ವರ್ಷ ಬಾಳಿದರೆಂದು ಪ್ರತೀತಿಯಿರುವ ಆ ಯೋಗಿ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡು ಕಟ್ಟಿದವರು. ಎರಡು ಭಾಷೆಯ ನಮಗೆ ಇನ್ನೇನು ಬೇಕು?

ಆ ಗುಂಪಿನ ಮುಖ್ಯ ಹಾಡುಗಾರ ಕಡಲೆಕಾಯಿ ಬೆಳೆಯುತ್ತಿದ್ದ ಒಬ್ಬ ರೈತ. ನಾನು ಕೇಳಲು ತೊಡಗಿದಾಗಲೇ ಆತನಿಗೆ ಅರವತ್ತು ದಾಟಿದಂತೆ ಕಾಣುತ್ತಿತ್ತು. ಓದು ಬರಹ ಇಲ್ಲ. ಕೈಯಲ್ಲಿ ಏಕತಾರಿ, ಬೆರಳಿಗೆ ಚಿಟಿಕೆ. ಪಕ್ಕದಲ್ಲಿ ದಮ್ಮಡಿಯವನು. ಚಳಿಗೆ ದಮ್ಮಡಿಯ ಚರ್ಮ ಸಡಿಲವಾಗಿ ಸದ್ದು ಮಂಕಾಗುತ್ತಿತ್ತಾದ್ದರಿಂದ ಎರಡು ಮೂರು ಪದಕ್ಕೊಮ್ಮೆ ಒಣಹುಲ್ಲು ಹೊತ್ತಿಸಿ ಅದನ್ನು ಕಾಯಿಸಬೇಕಾಗಿತ್ತು. ಆ ಬೆಂಕಿಯ ಬೆಳಕಿನಲ್ಲಿಯೇ ನಾವು ಹಾಡುವವರ ಮುಖ ನೋಡುತ್ತಿದ್ದುದು. ಮುದುಕ ಒಂದು ಸಾಲನ್ನು ಎಸೆಯುವನು. ಗುಂಪು ಅದನ್ನು ಹಿಡಿದು ಹಿಂದಕ್ಕೆ ಕೊಡುವುದು. ಮೊದಲು ನಿಧಾನ. ಮೂರನೆಯ ನುಡಿಯ ಹೊತ್ತಿಗೆ ನಡಿಗೆ ಬಿರುಸಾಗುವುದು. ಕೊನೆಗೆ ಎತ್ತುಗಳ ಕೊರಳ ಗಂಟೆಯೂ ಅದೇ ತಾಳದಲ್ಲಿ ಅಲುಗುವಂತೆ ತೋರುವುದು. ಮುದುಕನ ಕಂಠ ಇಂಪಾದುದೆಂದು ನಾನು ಹೇಳಲಾರೆ. ಒರಟು ದನಿ. ಆದರೆ ಮೇಲಿನ ಸ್ವರಕ್ಕೆ ಹೋಗುವಾಗ ಅದು ಒಂದು ಕ್ಷಣ ಒಡೆಯುತ್ತಿತ್ತು. ಆ ಒಡಕಿಗಾಗಿಯೇ ನಾನು ಪ್ರತಿವರ್ಷ ಕಾದಿರುತ್ತಿದ್ದೆ. ಸಂಭಾವನೆಯೇ? ಯಾರಾದರೂ ಬೀಡಿಯ ಕಟ್ಟನ್ನೋ ಕಾಫಿಯನ್ನೋ ಕೊಟ್ಟರೆ ಕೊಟ್ಟರು.

1986ರ ಷಷ್ಠಿಗೆ ನಾನು ಮೇಷ್ಟರ ಸಂಬಳದಲ್ಲಿ ಕೊಂಡಿದ್ದ ಟೂ-ಇನ್-ಒನ್ ಯಂತ್ರವನ್ನು ಹೊತ್ತು ಹೋದೆ. ಅರವತ್ತು ನಿಮಿಷದ ಕ್ಯಾಸೆಟ್ಟು, ಮಗ್ಗುಲಿಗೆ ಮೂವತ್ತು. ಎರಡು ಮಗ್ಗುಲೂ ತುಂಬಿತು. ಮರಳಿ ಹಾಕಿ ಕೇಳಿಸಿದಾಗ ಮುದುಕ ಬಹಳ ಹೊತ್ತು ಸುಮ್ಮನಿದ್ದು, "ಇವನಾರೋ ನನಗಿಂತ ಚೆನ್ನಾಗಿ ಹಾಡುತ್ತಾನೆ" ಎಂದ. ಅದು ವಿನೋದವೋ ಅಲ್ಲವೋ ನನಗೆ ಇಂದಿಗೂ ತಿಳಿಯದು.

ಇನ್ನು ಅಪರಾಧದ ಮಾತು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ತೆರೆಕಂಡಿತು. ಸಂಗೀತ ಸಿ. ಅಶ್ವಥ್ ಅವರದು. ಆ ಹಾಡುಗಳು ನನ್ನ ತಲೆಗೇರಿದ ಬಗೆಯನ್ನು ಏನೆಂದು ಹೇಳಲಿ! ಗೆಳೆಯರೊಬ್ಬರಲ್ಲಿ ಆ ಕ್ಯಾಸೆಟ್ಟು ಇತ್ತು. ಒಂದೇ ರಾತ್ರಿಯ ಮಟ್ಟಿಗೆ ಕೊಟ್ಟರು, ಬೆಳಗಿನ ಬಸ್ಸಿಗೆ ಹಿಂದಿರುಗಿಸಬೇಕು. ಪಕ್ಕದ ಮನೆಯಿಂದ ಇನ್ನೊಂದು ಯಂತ್ರವನ್ನು ತಂದೆ. ಖಾಲಿ ಕ್ಯಾಸೆಟ್ಟು ಮಾತ್ರ ಇರಲಿಲ್ಲ, ಅಂಗಡಿ ಮುಚ್ಚಿತ್ತು. ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದು ಷಷ್ಠಿಯ ಕ್ಯಾಸೆಟ್ಟು. ಅಳಿಸಬಾರದೆಂದರೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಹಲ್ಲುಗಳನ್ನು ಮುರಿದಿಡಬೇಕೆಂದು ನಾನು ಬಲ್ಲೆ. ನಾಲ್ಕು ವರ್ಷ ಅದನ್ನು ಮಾಡಿರಲಿಲ್ಲ. ಮುದುಕನೇನು, ಇಲ್ಲಿಯೇ ಇದ್ದಾನೆ. ಬರುವ ಷಷ್ಠಿಗೆ ಮತ್ತೆ ಹಾಡುತ್ತಾನೆ, ಮತ್ತೆ ಹಿಡಿದರಾಯಿತು—ಎಂದುಕೊಂಡು ಗುಂಡಿಯನ್ನು ಒತ್ತಿದೆ.

ಬರುವ ಷಷ್ಠಿಗೆ ಎರಡು ತಿಂಗಳಿರುವಾಗ ಆತ ತೀರಿಕೊಂಡ.

ಒಂದು ತತ್ತ್ವಪದವನ್ನು ಅಳಿಸಿ ಇನ್ನೊಂದನ್ನು ಬರೆದುಕೊಂಡೆನಲ್ಲ! ಶರೀಫರು 1889ರಲ್ಲಿಯೇ ಕಾಲವಾದವರು. ಅವರ ಪದಗಳು ಅಶ್ವಥ್ ಅವರ ಕೈ ಸೇರುವ ಮೊದಲು ಎಷ್ಟೋ ಕಾಲ ಧಾರವಾಡ ಸೀಮೆಯ ಭಜನೆಯ ಗುಂಪುಗಳ ನಾಲಗೆಯ ಮೇಲೆಯೇ ಬದುಕಿದ್ದವು, ಇಂಥದೇ ಒರಟು ದನಿಗಳಲ್ಲಿ. ಇದು ನನಗೆ ಹೊಳೆದದ್ದು ಮುದುಕ ಸತ್ತ ಮೇಲೆ. ಕ್ಯಾಸೆಟ್ಟನ್ನು ಪೂರ್ತಿಯಾಗಿ ಓಡಿಸಿ ನೋಡಿದೆ. ಒಂದು ಮಗ್ಗುಲು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಸಿನಿಮಾದ ಹಾಡು ಮುಗಿದ ಮೇಲೆ 'ಕಟಕ್' ಎಂದು ಸದ್ದು. ಆಮೇಲೆ ಹೊಳೆಯ ಬಯಲು. ದಮ್ಮಡಿ, ಚಿಟಿಕೆ, ಒಂದು ಪದದ ಕೊನೆಯ ಆವೃತ್ತಿ, ಒಂದು ನಾಯಿಯ ಬೊಗಳು, ತೆಲುಗಿನಲ್ಲಿ ಯಾರೋ ಬೆಂಕಿಪೆಟ್ಟಿಗೆ ಕೇಳುವುದು. ಒಟ್ಟು ಒಂದೂವರೆ ನಿಮಿಷ. ಹಲ್ಲುಗಳನ್ನು ಆ ದಿನವೇ ಮುರಿದೆ.

ಅಂದಿನಿಂದ ನನ್ನ ಕಾಯಿಲೆ ಉಲ್ಬಣಿಸಿತು. ಯಾರಾದರೂ ಎದುರಿಗೆ ಕುಳಿತು ಹಾಡುತ್ತಾರೆಂದರೆ, ಆಮೇಲೆ ಕೇಳಿದರಾಯಿತು ಎಂಬ ಮಾತನ್ನು ಮನಸ್ಸಿನಲ್ಲಿಯೂ ತರುವುದಿಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರ ತಿಳಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಆ ತಾಯಿಯನ್ನು ಕೇಳುವ ಭಾಗ್ಯ ನನಗೆ ತಪ್ಪಿತು. ಬುರ್ರಕಥೆಯ ದರೋಜಿ ಈರಮ್ಮನವರನ್ನು, ಅವರು 2014ರಲ್ಲಿ ತೀರಿಕೊಳ್ಳುವ ಮೊದಲು, ಒಮ್ಮೆ ಕೇಳಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ'ಕ್ಕೆ ಹೋದೆ. ಲಕ್ಷ ಜನರ ನಡುವೆ ಗಾಯಕರು ನನಗೆ ಒಂದು ಚುಕ್ಕೆಯಷ್ಟು ಮಾತ್ರ ಕಂಡರು. ರೋಮಾಂಚನವಾಯಿತೆಂಬುದು ನಿಜ. ಆದರೆ ಚುಕ್ಕೆಯ ದನಿಯಲ್ಲಿ ಒಡಕಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ, ಅವರೂ ನಡೆದುಬಿಟ್ಟರು.

ಈಗ ನನ್ನನ್ನು ಕರೆದೊಯ್ಯುವುದು ಮೊಮ್ಮಗಳ ಸರದಿ. ಅವಳ ಮೆಚ್ಚಿನವರಲ್ಲಿ 2002ರಲ್ಲಿ ಹುಟ್ಟಿದ 'ಸ್ವರಾತ್ಮ' ತಂಡವಿದೆ. 2008ರಲ್ಲಿ ಮೊದಲ ಧ್ವನಿಮುದ್ರಿಕೆ ತಂದ ರಘು ದೀಕ್ಷಿತರಿದ್ದಾರೆ—ಗಿಟಾರು ಹಿಡಿದು ಲುಂಗಿಯುಟ್ಟು ಶರೀಫರನ್ನು ಹಾಡುವವರು. ಮೊದಲ ಸಲ ಹೋದಾಗ ಡ್ರಮ್ಮಿನ ಹೊಡೆತ ನನ್ನ ಎದೆಗೂಡಿನಲ್ಲಿಯೇ ಬೀಳುತ್ತಿದೆಯೆಂದು ಭಯಪಟ್ಟು ಕಿವಿಗೆ ಹತ್ತಿ ತುರುಕಿಕೊಂಡೆ. ಕೂರಲು ಕುರ್ಚಿಯೂ ಇರಲಿಲ್ಲ. ಇದೂ ಒಂದು ಸಂಗೀತವೇ ಎಂದುಕೊಳ್ಳುತ್ತಿರುವಾಗ ವೇದಿಕೆಯವನು ಒಂದು ಸಾಲನ್ನು ಎಸೆದ. ಎದುರಿದ್ದ ಹುಡುಗ ಹುಡುಗಿಯರು ಅದನ್ನು ಹಿಡಿದು ಹಿಂದಕ್ಕೆ ಕೊಟ್ಟರು. ಮೊದಲು ನಿಧಾನ, ಆಮೇಲೆ ಬಿರುಸು. ನಾನು ಹತ್ತಿಯನ್ನು ತೆಗೆದೆ.

ಹಾಗೆಂದು ಎಲ್ಲವೂ ನನಗೆ ಹಿಡಿಸಿತೆಂದಲ್ಲ. ಕೆಲವು ತಂಡಗಳ ಸಾಹಿತ್ಯ ಗದ್ದಲದಲ್ಲಿ ಮುಳುಗಿಯೇ ಹೋಗುತ್ತದೆ. ಆದರೆ ಇವರ ಜೀವನೋಪಾಯವನ್ನು ಕೇಳಿ ತಿಳಿದ ಮೇಲೆ ಗೌರವ ಮೂಡಿತು. ಫೋನಿನಲ್ಲಿ ಕೇಳುವವರಿಂದ ಕೈಗೆ ಬರುವುದು ಅತ್ಯಲ್ಪವಂತೆ. ಮುಖ್ಯವಾಗಿ ಹೊಟ್ಟೆ ತುಂಬಿಸುವುದು ವೇದಿಕೆಯೇ. ಆದ್ದರಿಂದ ಪುಕ್ಕಟೆ ಪಾಸು ನನಗೆ ನಿಷಿದ್ಧ. ಚೀಟಿ ಕೊಂಡೇ ಹೋಗುತ್ತೇನೆ, ಕೊನೆಯ ಹಾಡಿನವರೆಗೂ ಇರುತ್ತೇನೆ. ಒಂದೇ ತಕರಾರು: ಎಲ್ಲರೂ ಫೋನನ್ನು ಎತ್ತಿ ಹಿಡಿದು ಚಿತ್ರ ತೆಗೆಯುವರಲ್ಲ, ಕೇಳುವುದು ಯಾವಾಗ? "ಕೆಳಗಿಳಿಸು" ಎಂದು ಮೊಮ್ಮಗಳನ್ನು ಗದರಿದೆ. ಅವಳು ತಿರುಗಿ, "ತಾತಾ, ಒಂದೂವರೆ ನಿಮಿಷಕ್ಕಾಗಿ ಮೂವತ್ತು ವರ್ಷ ಅತ್ತವರು ನೀವೇ ಅಲ್ಲವೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ.

ಕಳೆದ ಷಷ್ಠಿಗೆ ಅವಳನ್ನು ಊರಿಗೆ ಕರೆದುಕೊಂಡು ಹೋದೆ. ನಮ್ಮ ಹೋಬಳಿ ಬಹಳ ಬದಲಾಗಿದೆ. ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಈಗ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಗಾಜಿನ ಹಲಗೆಗಳು. ಒಟ್ಟು 2,050 ಮೆಗಾವಾಟ್ ಸಾಮರ್ಥ್ಯವಂತೆ. ಕಡಲೆಕಾಯಿ ಬಿತ್ತುತ್ತಿದ್ದವರು ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆಯನ್ನು ನಂಬಿ ಸೋತವರಿಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಹಣ ಸಣ್ಣದಲ್ಲ. ಆದರೆ ಹಾಡುವ ಗುಂಪಿನಲ್ಲಿ ಕೆಲವರು ಪಟ್ಟಣ ಸೇರಿದ್ದಾರೆ.

ಆದರೂ ರಾತ್ರಿ ಏಳೆಂಟು ಮಂದಿ ಕೂಡಿದರು. ನಡುವಯಸ್ಸಿನವರೇ ಹೆಚ್ಚು. ಮೊಮ್ಮಗಳು ಆ ಒಂದೂವರೆ ನಿಮಿಷವನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದಳು, ಕೇಳಿಸಿದಳು. ಯಾರ ಕಣ್ಣಲ್ಲಿಯಾದರೂ ನೀರು ಬರಬಹುದೆಂದು ನಾನು ಎಣಿಸಿದ್ದೆ. ದಮ್ಮಡಿಯವನು ತಲೆಯಲ್ಲಾಡಿಸಿ, "ಚರ್ಮ ಕಾಯಿಸಿಲ್ಲ, ಸದ್ದು ಸಡಿಲ" ಎಂದ. ಇನ್ನೊಬ್ಬ, "ಪದ ಅಲ್ಲಿಗೆ ಮುಗಿಯುವುದಿಲ್ಲ, ಇನ್ನೂ ಒಂದು ನುಡಿಯಿದೆ" ಎಂದ. ಮತ್ತೊಮ್ಮೆ ಹಾಕಿಸಿ ಕೇಳಿ, ಸ್ವರ ಹಿಡಿದು, ಮುದುಕ ಬಿಟ್ಟ ಕಡೆಯಿಂದ ಎತ್ತಿಕೊಂಡ. ಮೇಲಿನ ಸ್ವರದಲ್ಲಿ ಅವನ ದನಿ ಒಡೆಯಲಿಲ್ಲ. ಅದು ಬೇರೆ ಕಂಠ, ಇನ್ನೂ ನುಣುಪು.

ಮೊಮ್ಮಗಳ ಕೈಯಲ್ಲಿ ಫೋನು ಇತ್ತು. ಅದರಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ಯಾರೋ ಹುಲ್ಲಿಗೆ ಬೆಂಕಿಯಿಟ್ಟು ದಮ್ಮಡಿಯನ್ನು ಅದರ ಮೇಲೆ ತಿರುಗಿಸುತ್ತಿದ್ದರು.