ತಪ್ಪು ಬಟ್ಟೆಯದಲ್ಲ
"ಹಿಜಾಬಿನಿಂದಲೇ ಮಗಳ ಕೂದಲು ಉದುರುತ್ತಿದೆಯೇ ಡಾಕ್ಟ್ರೇ?" ನಮ್ಮ ಕರಾವಳಿಯ ತಾಯಿಯೊಬ್ಬರು ಅಳುಕುತ್ತಲೇ ಕೇಳಿದರು. ನಾವೂ ಮೊದಲು ಹಾಗೆಯೇ ಎಣಿಸಿದ್ದೆವು. ಬಾಗಿಲು ಮುಚ್ಚಿ, ನರ್ಸಮ್ಮನನ್ನು ಜೊತೆಗಿರಿಸಿಕೊಂಡು ನೋಡಿದರೆ, ಹಣೆಯಂಚಿನಲ್ಲೂ ಕಿವಿಯ ಮೇಲ್ಭಾಗದಲ್ಲೂ ಮಾತ್ರ ಕೂದಲು ತೆಳು. ನೈರೋಬಿಯ ಜುಲೈ ಚಳಿಯಲ್ಲಿ ತಲೆ ಆರುವುದು ನಿಧಾನ. ಶಾಲೆಯ ಅವಸರಕ್ಕೆ ಒದ್ದೆಯಲ್ಲೇ ಎಳೆದು ಬಿಗಿದ ತುರುಬಿನ ಕೆಲಸವದು. ಹೆಸರು ಟ್ರ್ಯಾಕ್ಷನ್ ಅಲೋಪೀಷಿಯಾ. ಬೇಗ ಸಡಿಲಿಸಿದರೆ ಮರಳಿ ಬೆಳೆಯುತ್ತದೆ, ವರ್ಷಗಟ್ಟಲೆ ಎಳೆದರೆ ಬೇರೇ ಸಾಯುತ್ತದೆ. (ಬಿಗಿಜಡೆಯ ನಮ್ಮ ಮನೆಯವರಿಗೂ ಇದೇ ಮಾತು!)

ಹಿಂದಿನ ಸಂಜೆಯೇ ತಲೆಸ್ನಾನ, ಸಡಿಲ ಜಡೆ, ಒಳಗೆ ಮೆತ್ತನೆಯ ಟೊಪ್ಪಿ ಎಂದೆವು. ರಕ್ತದಲ್ಲಿ ಕಬ್ಬಿಣವೂ ಕಮ್ಮಿಯಿತ್ತು; ಮಾತ್ರೆ ಕೊಟ್ಟು, ಸುಕುಮ ವಿಕಿಗೆ ನಿಂಬೆ ಹಿಂಡಿ ತಿನ್ನಲು ಹೇಳಿದೆವು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆರನೇ ತಿಂಗಳು ಹಣೆಯಂಚಿನಲ್ಲಿ ಮರಿಗೂದಲು ಕಂಡಿತು. ಹುಡುಗಿ ನರ್ಸಮ್ಮನ ಹತ್ತಿರ ಕನ್ನಡಿ ಕೇಳಿದಳು.