ಚುಕ್ಕೆ ಮತ್ತು ಸದ್ದು

ಮೊದಲೇ ಹೇಳಿಬಿಡ್ತೀನಿ, ನನಗೊಂದು ಹುಚ್ಚಿದೆ. ಹನೂರಿನ ಮನೆಯ ತಾರಸಿ ಮೇಲೊಂದು ಪುಟ್ಟ ಆಂಟೆನಾ, ಕೆಳಗೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಬೆರಳುದ್ದದ ರಿಸೀವರ್. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಗುರುತು, ಎತ್ತರ, ಜಾಗ ಹೇಳಿಕೊಳ್ಳುತ್ತಾ ಹೋಗುತ್ತವೆ. ಪರದೆಯ ನಕ್ಷೆಯಲ್ಲಿ ಅವು ಚುಕ್ಕೆಗಳು. ಭಾರತದ್ದಾದರೆ ಗುರುತು 80ರಿಂದ 83ರೊಳಗೆ ಶುರುವಾಗುತ್ತದೆ.

ನಾನು ಕಾಯೋದು ವಾಯುಪಡೆಯವಕ್ಕೆ. ಯಲಹಂಕ ಮತ್ತು ಸೂಲೂರು ವಾಯುನೆಲೆಗಳ ನಡುವೆ ಗೆರೆ ಎಳೆದರೆ ಅದು ಹನೂರಿನ ಪಕ್ಕದಲ್ಲೇ ಹಾಯುತ್ತದೆ. ಆದರೆ ಅವು ಎಷ್ಟೋ ಸಲ ಗುರುತು ಹೇಳುವುದೇ ಇಲ್ಲ. ತಗ್ಗಿನಲ್ಲಿ ಹಾರಿದರೆ ಬೆಟ್ಟ ಬೇರೆ ಅಡ್ಡ.

ಮೊನ್ನೆ ಅಪರೂಪಕ್ಕೊಂದು ಸಿಕ್ಕಿತು. ಹೆಸರಿಲ್ಲದ ಚುಕ್ಕೆ, ಕಾಡಿನ ಕಡೆ ನಿಧಾನಕ್ಕೆ ಸಾಗುತ್ತಿತ್ತು. ಪರದೆಯ ಚಿತ್ರ ತೆಗೆದು ಗೆಳೆಯರಿಗೆಲ್ಲ ಕಳಿಸಲು ಹೊರಟೆ. ಅಂಗಳದಲ್ಲಿ ಸದ್ದು ಕೇಳಿದ ಅಮ್ಮ ಒಳಗೆ ಬಂದಳು.

"ಅದು ಎತ್ತಗೋಯ್ತದೆ ಅಂತ ಊರ್ಗೆಲ್ಲಾ ಯಾಕ್ಲಾ ಮಗ ಸಾರ್ತಿದ್ದೀಯ? ನಾಗಪ್ಪೋರ್ನ ಹೊತ್ಕೊಂಡೋದಾಗ..." ಅಂದು ಸುಮ್ಮನಾದಳು.

2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ವೀರಪ್ಪನ್ ಅಪಹರಿಸಿದ್ದ. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಸಿಕ್ಕಿದ್ದು ಅವರ ಶವ. ಆ ನೂರು ಚಿಲ್ಲರೆ ದಿನ ನಮ್ಮ ಮನೆಯಲ್ಲಿ ಪೊಲೀಸರು ಎತ್ತ ಹೋದರೆಂದು ಯಾರೂ ಜೋರಾಗಿ ಮಾತಾಡಲಿಲ್ಲ. ಮಾತು ಕಾಡಿಗೆ ಮುಟ್ಟೀತೆಂಬ ಭಯ.

ಚಿತ್ರ ಅಳಿಸಿದೆ. ಈಗಲೂ ನೋಡುತ್ತೇನೆ, ಡೈರಿಯಲ್ಲಿ ಬರೆದಿಡುತ್ತೇನೆ, ಹಂಚುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚಿದ್ದರೆ ಹೇಳಿ, ಆಂಟೆನಾ ಬಗ್ಗೆ ಎಷ್ಟು ಬೇಕಾದರೂ ಮಾತಾಡೋಣ. ಆ ಚುಕ್ಕೆಗಳ ಬಗ್ಗೆ ಬೇಡ.