ಅಟ್ಟದ ಮೇಲಿನ ಕೂರಿಗೆ

"ಅಣ್ಣಾ, ಕೂರಿಗಿ ಕೊಡ್ತೀರೇನು ಅಂತ ಒಬ್ಬಾಂವ ಬಂದಿದ್ದ" ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನಾನು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ದಾರಿ ಕಾಯುತ್ತ ಕುಳಿತಿದ್ದೆ. ಬಂದವನು ರೈತನಲ್ಲ. ಹೆದ್ದಾರಿಯ ಮಗ್ಗುಲಿಗೆ ಖಾನಾವಳಿ ತೆರೆಯುವವನು. ಗೋಡೆಗೆ ತೂಗುಹಾಕಲು ಬಂಡಿಯ ಗಾಲಿ ಒಂದು, ಬೀಸುಕಲ್ಲು ಒಂದು ಆಗಲೇ ಸಿಕ್ಕಿದ್ದವಂತೆ. ಕೂರಿಗೆಯೊಂದು ಬಾಕಿ. ರೊಟ್ಟಿ ತಿನ್ನುವವರ ಕಣ್ಣಿಗೆ ಜೋಳ ಬಿತ್ತುವ ಸಾಮಾನು ಬೀಳಲಿ ಎಂಬ ಅವನ ಲೆಕ್ಕ ತಪ್ಪೇನಲ್ಲ. ನನಗೆ ಮಾತ್ರ ನಮ್ಮ ಅಜ್ಜಿ, ಆಯಿಯನ್ನೇ ಯಾರೋ ರೇಟು ಕೇಳಿದ ಹಾಗಾಯಿತು. "ನಾ ಬರೂತನಕ ತಡಿ" ಎಂದೆ.

ಕರ್ಜಗಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಇಳಿದು ಮನೆಗೆ ಹೋಗಿ, ಏಣಿ ಹಾಕಿ ದನದ ಮನೆಯ ಅಟ್ಟ ಹತ್ತಿದೆ. ಎತ್ತು ಮಾರಿ ಎಷ್ಟೋ ವರ್ಷವಾಗಿ ಗ್ವಾದ್ಲಿಯಲ್ಲಿ ಈಗ ತಮ್ಮನ ಬೈಕು ನಿಲ್ಲುತ್ತದೆ. ಅಟ್ಟದ ಮೇಲೆ ಕೂರಿಗೆ ಧೂಳು ಹೊದ್ದು ಮಲಗಿತ್ತು. ದಪ್ಪ ದಿಂಡು, ಅದಕ್ಕೆ ಬಡಿದ ಮೂರು ತಾಳು, ತಾಳಿನಿಂದ ಮೇಲಕ್ಕೆ ಎದ್ದ ಮೂರು ಬಿದಿರಿನ ಕೊಳವೆ, ಮೂರೂ ಕೂಡುವಲ್ಲಿ ಕಟ್ಟಿಗೆಯ ಬಟ್ಟಲು. ಬಟ್ಟಲಿನ ಒಂದು ಅಂಚು ಮಾತ್ರ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಅದು ಆಯಿಯ ಮುಂಗೈ ತಿಕ್ಕಿದ ಜಾಗ.

ಕೂರಿಗೆಯನ್ನು ನೋಡದವರಿಗೆ ಇಷ್ಟು ಹೇಳಬೇಕು. ಗಂಡಸು ಎತ್ತು ಹೊಡೆಯುತ್ತಾನೆ, ಬಿತ್ತುವವಳು ಹೆಂಗಸು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ, ಮುಷ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು, ಹೆಬ್ಬೆರಳಿನಿಂದ ಕಾಳು ಜಾರಿಸುತ್ತಾಳೆ. ಬಟ್ಟಲಿನ ತೂತುಗಳಿಗೆ ಕಾಳು ಸಮನಾಗಿ ಹಂಚಿ ಇಳಿಯಬೇಕು. ಒತ್ತಾದರೆ ಪೈರು ಒಂದರ ಕುತ್ತಿಗೆ ಒಂದು ಹಿಡಿಯುತ್ತದೆ. ತೆಳುವಾದರೆ ಆ ಸಾಲು ಹಲ್ಲುಬಿದ್ದ ಬಾಯಿಯಂತೆ ವರ್ಷವಿಡೀ ಊರಿಗೆಲ್ಲ ಕಾಣುತ್ತದೆ. ನಮ್ಮ ಆಯಿಯ ಕೈ ಎಂದರೆ ಓಣಿಗೆಲ್ಲ ಹೆಸರು. ಮೊದಲ ಮುಷ್ಟಿ ಹಕ್ಕಿಗೆ, ಎರಡನೆಯದು ಹಾದ್ಯಾಗ ಹೋಗೋರಿಗೆ, ಮೂರನೆಯದರಿಂದ ನಮಗೆ ಎಂದು ಹೇಳಿಕೊಂಡೇ ಅವಳು ಶುರುಮಾಡುತ್ತಿದ್ದದ್ದು. ದೇವರ ಹೆಸರು ಎತ್ತುತ್ತಿರಲಿಲ್ಲ. ಕೇಳಿದರೆ, "ಅಂವ ಇಲ್ಲೇ ಅದಾನಲ್ಲೋ, ಕರೀಲಿಕ್ಕೆ ದೂರ ಹೋಗ್ಯಾನೇನು?" ಎನ್ನುತ್ತಿದ್ದಳು.

ಇಂಗ್ಲಿಷರು 1701ರಲ್ಲಿ ಜೆತ್ರೋ ಟಲ್ ಎಂಬಾತ ಬಿತ್ತುವ ಯಂತ್ರ ಮಾಡಿದನೆಂದು ಶಾಲೆಯ ಪುಸ್ತಕದಲ್ಲಿ ಬರೆದುಕೊಂಡರು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಹಾಲ್ಕಟ್ ದಕ್ಷಿಣ ಭಾರತದ ಹೊಲವೊಂದರಲ್ಲಿ ಕೂರಿಗೆ ನಡೆಯುವುದನ್ನು ನೋಡಿ ಬೆರಗಾದ. ಯುರೋಪಿನ ಹೊಸ ಶೋಧ ಎಂದುಕೊಂಡದ್ದನ್ನು ಇಲ್ಲಿ ಊರೂರಿನ ರೈತರು ಎಂದಿನಿಂದಲೋ ಬಳಸುತ್ತಿದ್ದರು. ಅವನು ವರದಿಯನ್ನೇ ಬರೆದು ಕಳಿಸಿದ. ಇತಿಹಾಸಕಾರ ಧರ್ಮಪಾಲ್ 1971ರಲ್ಲಿ ಅದನ್ನು ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿದರು. ಈ ಸುದ್ದಿಯನ್ನು ನಾನು ಬಹಳ ಹೆಮ್ಮೆಯಿಂದ ಆಯಿಗೆ ಹೇಳಿದ್ದೆ. "ಅವರ ಹೆಂಗಸರು ಬಿತ್ತತಿದ್ದಿಲ್ಲೇನು ಮತ್ತ?" ಎಂಬುದು ಅವಳ ಒಂದೇ ಪ್ರಶ್ನೆ.

ನಾನು ಐದನೇತ್ತೆಯಲ್ಲಿದ್ದ ವರ್ಷ ಮಳೆ ಕೈಕೊಟ್ಟಿತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ವರ್ಷ ರೋಹಿಣಿ ಓಣಿಯ ಧೂಳನ್ನೂ ತೋಯಿಸದೆ ಹೋಯಿತು. ಮೃಗಶಿರಾ ಗಾಳಿ ಬೀಸಿ ಹೋಯಿತು. ಕಾರಹುಣ್ಣಿಮೆ ಬಂತು. ಕಾರಹುಣ್ಣಿಮೆ ಎಂದರೆ ಕರ್ಜಗಿ. ಬಂಡಿ ನೋಡಲು ಸುತ್ತಲ ಹಳ್ಳಿಯ ಜನ ಬಂದು ಕೂಡುತ್ತಾರೆ. ಕರಿ ಹರಿಯುವಾಗ ಕೆಂದೆತ್ತು ಮುಂದಾದರೆ ಮುಂಗಾರಿ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಎಂದು ಹಿರಿಯರ ಲೆಕ್ಕ. ಹುಣ್ಣಿಮೆ ದಾಟಿದರೂ ಆಕಾಶ ತೊಳೆದಿಟ್ಟ ತಾಟಿನಂತೆಯೇ ಇತ್ತು.

ಆಮೇಲೆ ಊರು ಒಂದೊಂದೇ ಉಪಾಯ ತೆಗೆಯಿತು. ವಾರ ಹಿಡಿದರು, ಮಂಗಳವಾರ ಯಾರೂ ಹೊಲಕ್ಕೆ ಕಾಲಿಡಕೂಡದು. ಗುಡಿಯಲ್ಲಿ ಸಪ್ತಾ ಕೂಡಿಸಿದರು. ಏಳು ಹಗಲು ಏಳು ರಾತ್ರಿ ಭಜನೆ ನಿಲ್ಲದಂತೆ ಪಾಳಿಯ ಮೇಲೆ ತಾಳ ಹಿಡಿದರು. ನನ್ನ ಪಾಲಿಗೆ ಬಂದದ್ದು ಗುರ್ಚಿ. ರೊಟ್ಟಿ ಹಂಚನ್ನು ತಲೆಯ ಮೇಲೆ ಬೋರಲು ಇಟ್ಟು, ಅದರ ಮೇಲೆ ಸಗಣಿಯ ಗುರ್ಚಿ ಕೂಡಿಸಿ, ಗರಿಕೆ ಸಿಕ್ಕಿಸಿ ನನ್ನನ್ನು ಮನೆಮನೆಗೆ ನಡೆಸಿದರು. ಪ್ರತಿ ಮನೆಯವರೂ ತಲೆಮೇಲೆ ಕೊಡ ನೀರು ಸುರಿಯಬೇಕು, ನಾನು ಗಿರಗಿರ ತಿರುಗಬೇಕು. ಆದರೆ ಬಾವಿಯೇ ಬತ್ತಿದ ವರ್ಷ. ಕೊಡ ಹೋಗಿ ತಂಬಿಗೆಯಾಗಿತ್ತು. ಒಬ್ಬಾಕೆಯಂತೂ ಚಾದ ಕಪ್ಪಿನಲ್ಲಿ ತಂದು ಚಿಮುಕಿಸಿದಳು. ಹಂಚಿನ ಮಸಿ ಕರಗುವಷ್ಟೂ ನೀರು ಬೀಳಲಿಲ್ಲ. ಮನೆಗೆ ಬಂದವನ ಹಣೆ ನೋಡಿ ಆಯಿ ನಕ್ಕಳು: "ದೇವರು ನಿನ್ನ ಮಾರಿ ನೋಡಿದ್ರ ಮಳಿ ಅಲ್ಲ, ಸಾಬಾಣ ಕಳಸ್ತಾನ."

ನಕ್ಕವಳೇ ಅದೇ ವಾರ ಹುಲಿಯೂ ಆದಳು. ಮನೆಯ ಜೋಳ ತಳ ಕಂಡಿತ್ತು. ಹಗೇವು ತೆಗೆದರೆ ಮಣ್ಣಿನ ವಾಸನೆ ಬಿಟ್ಟು ಏನೂ ಇಲ್ಲ. ಪಡಸಾಲೆಯ ಜಂತಿಗೆ ಮಾತ್ರ ಬೀಜದ ತೆನೆಗಳ ಗೊಂಚಲು ತೂಗುತ್ತಿತ್ತು. ಸುಗ್ಗಿಯಲ್ಲಿ ತಾನೇ ಆರಿಸಿ, ಬೂದಿ ಮುಟ್ಟಿಸಿ ಕಟ್ಟಿದ ದಪ್ಪ ತೆನೆಗಳು. ಅಜ್ಜ ಮೆಲ್ಲಗೆ, "ಆರಿದ್ರಾನೂ ಅರ್ಧಾ ಹೋತು. ಇನ್ನ ಏನ್ ಬಿತ್ತೂದೈತಿ? ಹುಡುಗರು ಉಣ್ಣಲಿ" ಎಂದ. ಆಯಿ ಕಂಬದ ಬುಡಕ್ಕೆ ಹೋಗಿ ಕುಳಿತಳು. "ಮಳಿ ಅವನ ಕೆಲಸ, ಬೀಜ ಇಡೂದು ನಂದು. ಅಂವ ತನ್ನ ಕೆಲಸ ಮಾಡಲಿಲ್ಲಂತ ನಾ ನಂದು ಬಿಡಲ್ಯಾ?" ಎಂದವಳು ರಾತ್ರಿಯೆಲ್ಲ ಅಲ್ಲಿಂದ ಏಳಲಿಲ್ಲ. ಹಗಲು ಅಂಗಳದಲ್ಲಿ ಕೂರಿಗೆ ಇಳಿಸಿ ಹೊಸ ಹಗ್ಗ ಬಿಗಿಸಿದಳು. ಕೊಳವೆಯಲ್ಲಿ ಗೂಡು ಕಟ್ಟಿದ ಜೇಡವನ್ನು ಕಡ್ಡಿಯಿಂದ ತೆಗೆದಳು. ಹೋಗುಬರುವವರು ನಿಂತು ನೋಡಿ, ಮುದುಕಿಗೆ ಅರಳುಮರಳು ಎಂದುಕೊಂಡು ಹೋದರು.

ಅವಳ ಹಟಕ್ಕೆ ಬೇರಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಧಾತು ಸಂವತ್ಸರದ ಬರ, 1876ರದು, ನಮ್ಮ ಮನೆಯಲ್ಲಿ ಮಾತಾಗಿ ಉಳಿದಿತ್ತು. ಆಯಿಗೆ ಅವಳ ಅತ್ತೆ, ಅತ್ತೆಗೆ ಅವಳ ಅತ್ತೆ ಹೇಳಿದ್ದು. ಬೀಜ ತಿಂದ ಮನೆಯವರು ಮರುವರ್ಷ ಮಳೆ ಬಂದಾಗ ಹೊಲದ ಬದುವಿನ ಮೇಲೆ ಬರಿಗೈಲಿ ನಿಂತಿದ್ದರಂತೆ. ಮಳೆ ಬರದ ವರ್ಷದ ಕತೆಯನ್ನು ಅವರು ಯಾರೂ ಹೇಳುತ್ತಿರಲಿಲ್ಲ. ಮಳೆ ಬಂದ ವರ್ಷದ ಈ ಕತೆಯನ್ನೇ ಹೇಳುತ್ತಿದ್ದರು. ಸರ್ಕಾರವೂ ತನ್ನ ಪಾಠ ಕಲಿಯಿತು ಅನ್ನಿ. 1880ರ ಬರ ಆಯೋಗ ರೈಲು ಹಾಕಿ ಎಂದಿತು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಹುಬ್ಬಳ್ಳಿಯಿಂದ ಹರಿಹರದ ಕಡೆ ಹಳಿ ಬಿತ್ತು. ಆ ಹಳಿಯ ಮೇಲೇ ಇವತ್ತು ನಾನು ಊರಿಗೆ ಬಂದಿಳಿಯುವುದು. ಆಗ ತಾಲೂಕಿನ ಹೆಸರು ಕರ್ಜಗಿ, ಕಚೇರಿ ಮಾತ್ರ ಹಾವೇರಿಯಲ್ಲಿ. 1997ರಲ್ಲಿ ಹಾವೇರಿ ಜಿಲ್ಲೆಯೇ ಆಯಿತು. ನಮ್ಮೂರಿಗೆ ಹಳೆಯ ಕಾಗದಗಳಲ್ಲಿ ಹೆಸರು ಉಳಿಯಿತು.

ಆ ವರ್ಷ ಪುನರ್ವಸು ಹೊಕ್ಕ ಮೇಲೆ ಒಂದು ರಾತ್ರಿ ಹಂಚಿನ ಮೇಲೆ ಸದ್ದಾಯಿತು. ಪವಾಡ ಎನ್ನಲಾರೆ. ಜೋಳಕ್ಕೆ ಹೊತ್ತು ಮೀರಿತ್ತು; ಹೆಚ್ಚಿನ ಹೊಲಕ್ಕೆ ಹುರುಳಿ, ನವಣೆ ಬಿದ್ದವು. ಒಂದು ತುಂಡಿಗೆ ಮಾತ್ರ ಆಯಿ ಹಟ ಹಿಡಿದು ತೆನೆ ಬಡಿದು ಜೋಳ ಬಿತ್ತಿಸಿದಳು. ಬೆಳೆ ಅರ್ಧಂಬರ್ಧ. ಬಂದ ತೆನೆಯಲ್ಲಿ ಮತ್ತೆ ದಪ್ಪನೆಯವು ಜಂತಿ ಏರಿದವು. ಅಷ್ಟೇ ನಡೆದದ್ದು.

ದೇವರು ಯಾವಾಗ ಏನು ಮಾಡುತ್ತಾನೆಂದು ಮೊದಲೇ ತಿಳಿಯುವ ಆಸೆ ನಮ್ಮ ಕಡೆಯವರಿಗೆ ಕಡಿಮೆ ಇಲ್ಲ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಹೊತ್ತಿಗೆ ಮಾಲತೇಶನ ಕಾರ್ಣಿಕ. ಉಪವಾಸವಿದ್ದ ಗೊರವಪ್ಪ ಬಿಲ್ಲು ಏರಿ ಸದ್ದಡಗಿಸಿ, ಒಂದೇ ಮಾತು ಹೇಳಿ ಮೇಲಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಆಮೇಲೆ ವರ್ಷವಿಡೀ ಆ ಮಾತನ್ನು ಜನ ಹಿಡಿಯುತ್ತಾರೆ! ರೈತ ಅದರಲ್ಲಿ ಮಳೆ ಕಾಣುತ್ತಾನೆ, ಅಡತಿ ಅಂಗಡಿಯವನು ರೇಟು, ಪುಢಾರಿ ತನ್ನ ಸೀಟು. ನಾನು ಒಮ್ಮೆ ಆಯಿಯನ್ನು ಕರೆದೊಯ್ದಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅರ್ಥದ ಜಗಳ ಜೋರಾಗಿತ್ತು. ಅವಳು ಕಿಟಕಿಯಿಂದ ಹೊಲಗಳ ಮಣ್ಣು ನೋಡುತ್ತ ಕುಳಿತಿದ್ದಳು. ಬ್ಯಾಡಗಿ ತಾಲೂಕಿನ ಕಾಗಿನೆಲೆ ನಮಗೆ ದೂರವಲ್ಲ. ಮನಸ್ಸಿಗೆ ತಲ್ಲಣಿಸಬೇಡವೆಂದು ಹೇಳುವ ಕನಕದಾಸರ ಕೀರ್ತನೆ ಸಪ್ತಾದಲ್ಲಿ ಅವಳ ಪಾಳಿಗೆ ತಪ್ಪದೆ ಬರುತ್ತಿತ್ತು. ಹಾಡುವಾಗಲೂ ಅವಳ ಕಣ್ಣು ಗುಡಿಯ ಬಾಗಿಲಾಚೆ ಮೋಡದ ಮೇಲೇ. ನಂಬಿಕೆ ಇದ್ದವರು ತಲ್ಲಣಿಸುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವಳಷ್ಟು ತಲ್ಲಣಿಸಿದವರನ್ನು ನಾನು ಕಂಡಿಲ್ಲ.

ಇನ್ನು ಕೇಳಿದ ಮಳೆ ಕೇಳಿದಷ್ಟೇ ಬರುತ್ತದೆಂದೂ ಇಲ್ಲ. 2019ರಲ್ಲಿ ಜೂನ್ ಪೂರ್ತಿ ಮುಗಿಲು ನೋಡಿದೆವು. ಆಶ್ಲೇಷಾ ಮಳೆ ಈಸಲಾರದ ಹೊಳೆ ಎಂಬ ಗಾದೆಯಂತೆ ಆಗಸ್ಟಿನಲ್ಲಿ ವರದೆ ಸಾಗರ ಸೀಮೆಯಿಂದ ಕೆಂಪಗೆ ಇಳಿದು ಬಂದು ದಂಡೆಯ ಹೊಲ ನುಂಗಿದಳು. ತಮ್ಮನ ಗೋವಿನಜೋಳ ಗಳಗನಾಥದ ಸಂಗಮ ಕಂಡಿತು. 2023ರಲ್ಲಿ ಮತ್ತೆ ಬರ. ಸರ್ಕಾರ ಮೊದಲು 195 ತಾಲೂಕು, ಆಮೇಲೆ ಒಟ್ಟು 223 ತಾಲೂಕು ಬರಪೀಡಿತ ಎಂದಿತು. ಆಗ ಆಯಿ ಇರಲಿಲ್ಲ. ಆದರೆ ಜಂತಿಗೆ ತೆನೆ ಇತ್ತು. ಅವ್ವ ಕಟ್ಟುತ್ತಿದ್ದಳು. ಚೀಲದ ಕಂಪನಿ ಬೀಜ ತಂದು ಟ್ರ್ಯಾಕ್ಟರಿನಲ್ಲಿ ಬಿತ್ತುವ ಮನೆಯಲ್ಲಿ ಇದೇನು ಎಂದು ನಾವಿಬ್ಬರೂ ನಗುತ್ತಿದ್ದೆವು. "ಇರಲಿ ಬಿಡ್ರೋ, ಗೋಡೀಗೆ ಚಂದ" ಎನ್ನುತ್ತಿದ್ದಳು.

ಕೂರಿಗೆ ನೋಡಿ ನಾನು ಅಟ್ಟದಿಂದ ಇಳಿದಾಗ ಮಳೆ ಹಿಡಿದುಕೊಂಡಿತು. ನಾಲ್ಕು ದಿನ ಬಿಡಲಿಲ್ಲ. ನಾನು ರಜೆ ಮುಂದುವರಿಸಿದೆ. ಐದನೇ ದಿನ ಹೊಳವಾದಾಗ ತಮ್ಮ ಟ್ರ್ಯಾಕ್ಟರ್ ತರಿಸಿದ. ನಮ್ಮದು ಎರೆ ಭೂಮಿ. ಹತ್ತು ಮಾರು ಹೋಗುವುದರೊಳಗೆ ಹಿಂದಿನ ಗಾಲಿ ಹೂತು, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬಂತು. ಅವ್ವ ಬದುವಿನ ಮೇಲೆ ಬಗ್ಗಿ ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದಳು. ಬಿಟ್ಟಳು. ಉಂಡೆ ನೆಲಕ್ಕೆ ಬಿದ್ದು ಅರಳಿತು. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು.

"ಹದ ಆಗೇತಿ. ನಾಳೆ ತನಕ ಇರಂಗಿಲ್ಲ" ಎಂದಳು. "ಕೂರಿಗಿ ಇಳಸ್ರಿ."

ಊರಿನಲ್ಲಿ ಉಳಿದ ನಾಲ್ಕಾರು ಜೋಡಿ ಎತ್ತುಗಳಲ್ಲಿ ಒಂದನ್ನು ಬೇಡಿ ತಂದೆವು. ಹಗ್ಗ ಕಟ್ಟುವುದು ನಮ್ಮಿಬ್ಬರಿಗೂ ಮರೆತುಹೋಗಿತ್ತು. ಎತ್ತಿನ ಧಣಿ ಬೈದು ತಾನೇ ಬಿಗಿದ. ಗೋವಿನಜೋಳದ ದಪ್ಪ ಕಾಳು ಬಟ್ಟಲಿನ ತೂತಿನಲ್ಲಿ ಇಳಿಯಲೊಲ್ಲದು. ಅವ್ವ ಮಾತಾಡದೆ ಮನೆಗೆ ನಡೆದು, ಜಂತಿಯ ತೆನೆ ಬಿಚ್ಚಿ ಬಡಿದು, ಉಡಿ ತುಂಬಿಕೊಂಡು ಬಂದಳು. ಎಪ್ಪತ್ತು ದಾಟಿದ ಕೈ. ಮುಷ್ಟಿ ನಡುಗುತ್ತಿತ್ತು. ಬಟ್ಟಲಿನ ಸವೆದ ಅಂಚಿಗೆ ಮುಂಗೈ ತಾಗಿದ್ದೇ ನಡುಕ ನಿಂತಿತು.

ಒಂದು ಮುಷ್ಟಿ ಹಕ್ಕಿಗೆ. ಒಂದು ಹಾದ್ಯಾಗ ಹೋಗೋರಿಗೆ.

ನನ್ನ ಜೇಬಿನಲ್ಲಿ ಫೋನ್ ಬಡಕೊಂಡಿತು. ಖಾನಾವಳಿಯವನೇ ಇರಬೇಕು, ತಮ್ಮ ನನ್ನ ನಂಬರ್ ಕೊಟ್ಟಿದ್ದ. ತೆಗೆಯಲೋ ಬೇಡವೋ ಎನ್ನುವಷ್ಟರಲ್ಲಿ ಹಿಂದಿನಿಂದ ಅವ್ವ ಕೂಗಿದಳು: "ಏ, ಸಾಲು ಸೊಟ್ಟ ಆಗಾಕತ್ತೇತಿ! ಫೋನ್ ಒಳಗಿಟ್ಟು ಎತ್ತಿನ ಮೂಗುದಾಣ ಹಿಡಿ."